ಓದುಗರ ಪ್ರಶ್ನೆ: ಆಕ್ಲೆಂಡ್‌ನಲ್ಲಿ ಮೂರು ದಿನ, ಅದರಲ್ಲೊಂದು ದ್ವೀಪಕ್ಕೆ

ಪ್ರಶ್ನೆ: ಜನವರಿಯಲ್ಲಿ ಮೂರು ದಿನ ಆಕ್ಲೆಂಡ್‌ನಲ್ಲಿರುತ್ತೇವೆ. ಜೊತೆಗೆ ವಯಸ್ಸಾದ ತಂದೆ-ತಾಯಿ ಇದ್ದಾರೆ. ಕಾರಿಲ್ಲದೆ ವೈಹೆಕೆ ದ್ವೀಪ ನೋಡಬಹುದೇ?

ಉತ್ತರ: ಧಾರಾಳವಾಗಿ. ಕಾರು ಬೇಡವೇ ಬೇಡ. ಕ್ವೀನ್ ಸ್ಟ್ರೀಟ್ ಮುಗಿಯುವಲ್ಲೇ ಡೌನ್‌ಟೌನ್ ಫೆರಿ ಟರ್ಮಿನಲ್ ಇದೆ. ಅಲ್ಲಿಂದ ದ್ವೀಪದ ಮಟಿಯಾಟಿಯಾ ಕಟ್ಟೆಗೆ ಸುಮಾರು 40 ನಿಮಿಷ. ಅನೇಕರು ಎಡವುವುದು ಇಲ್ಲೇ: ಕಾರು ಸಾಗಿಸುವ ಫೆರಿಗೆ ಟಿಕೆಟ್ ತೆಗೆದು ಡೌನ್‌ಟೌನ್‌ನಲ್ಲಿ ಕಾಯುತ್ತಾರೆ. ಆ ಫೆರಿ ಹೊರಡುವ ಜಾಗ ಬೇರೆ, ಮುಟ್ಟುವುದೂ ಕೆನಡಿ ಪಾಯಿಂಟ್‌ಗೆ. ಟಿಕೆಟ್‌ನಲ್ಲಿ ಎರಡೂ ಕಟ್ಟೆಗಳ ಹೆಸರು ನೋಡಿಕೊಳ್ಳಿ.

ಮಟಿಯಾಟಿಯಾದಿಂದ ಒನೆರೋವಾ ಊರಿಗೆ ದೂರ ಹೆಚ್ಚಿಲ್ಲ, ಆದರೆ ಏರುದಾರಿ. ಹಿರಿಯರಿದ್ದರೆ ಇಳಿದ ಕೂಡಲೇ ಬಸ್ ಹತ್ತಿ. ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ. ನಗರದಲ್ಲೇ ಎಟಿ ಹಾಪ್ ಎಂಬ ಪ್ರಯಾಣದ ಕಾರ್ಡ್ ಕೊಂಡಿಡಿ. ಹತ್ತುವಾಗಲೂ ಇಳಿಯುವಾಗಲೂ ಅದನ್ನು ತಾಗಿಸಬೇಕು. ನೇರ ಒನೆಟಾಂಗಿಗೆ ಹೋಗಿ. ಉದ್ದನೆಯ, ಸಮತಟ್ಟಾದ ಮರಳ ದಂಡೆ, ಹಿರಿಯರಿಗೆ ಹೇಳಿ ಮಾಡಿಸಿದ ಹಾಗಿದೆ. ಒನೆರೋವಾವನ್ನು ಮರಳುವಾಗ ನೋಡಿದರಾಯಿತು. ಜನವರಿಯ ಶನಿವಾರ-ಭಾನುವಾರ ಸಂಜೆ ಕಟ್ಟೆಯ ಮೇಲೆ ಉದ್ದ ಸಾಲು. ಫೆರಿ ತುಂಬಿದರೆ ಮುಂದಿನದಕ್ಕೇ ಕಾಯಬೇಕು. ಆದ್ದರಿಂದ ವಾರದ ನಡುವಿನ ದಿನವೇ ಮೇಲು.

ರಾತ್ರಿ ತಂಗಿದರೆ ನಲ್ಲಿಯನ್ನು ಹಿಡಿತದಲ್ಲಿ ತಿರುಗಿಸಿ. ದ್ವೀಪದ ಮನೆಗಳು ಚಾವಣಿಯಿಂದ ಹಿಡಿದ ಮಳೆನೀರನ್ನೇ ನಂಬಿವೆ, ಬೇಸಿಗೆಯಲ್ಲಿ ಟ್ಯಾಂಕ್ ಬರಿದಾಗುತ್ತದೆ.

ಪ್ರಶ್ನೆ: ರಾಂಗಿಟೊಟೊ ದ್ವೀಪ ಹತ್ತಿರವಂತೆ. ಅದಕ್ಕೇ ಹೋದರೆ?

ಉತ್ತರ: ಗಟ್ಟಿ ಕಾಲಿನವರಿಗೆ ಮಾತ್ರ. 259 ಮೀಟರ್ ಎತ್ತರದ ಜ್ವಾಲಾಮುಖಿ, ಹುಟ್ಟಿ ಸುಮಾರು 600 ವರ್ಷವಷ್ಟೇ. ತುದಿಗೆ ಒಂದು ತಾಸಿನ ನಡಿಗೆ. ಕಾಲಡಿಯಲ್ಲಿ ಕರಿ ಲಾವಾ, ಅಂಚು ಚೂಪು, ಚಪ್ಪಲಿಗೆ ಬಗ್ಗದು. ಬಿಸಿಲನ್ನು ಹೀರಿ ಕೆಳಗಿನಿಂದಲೂ ಸುಡುತ್ತದೆ. ಅಂಗಡಿಯಿಲ್ಲ, ಕುಡಿಯುವ ನೀರಿಲ್ಲ: ತಲೆಗೆ ಎರಡು ಲೀಟರ್ ಒಯ್ಯಿರಿ. ಲಾವಾ ಗುಹೆಗೆ ಟಾರ್ಚ್ ಬೇಕು. ಹೊರಡುವ ಮುನ್ನ ಬೂಟಿನ ಮಣ್ಣು ಉಜ್ಜಿ, ಚೀಲ ಕೊಡವಿ. ಒಂದು ಇಲಿ ನುಸುಳಿದರೂ ಅಲ್ಲಿನ ಹಕ್ಕಿಗಳಿಗೆ ಕುತ್ತು. ಕೊನೆಯ ಫೆರಿ ಕತ್ತಲಾಗುವ ಎಷ್ಟೋ ಮೊದಲೇ ಹೊರಡುತ್ತದೆ, ಇಳಿದಾಗಲೇ ಸಮಯ ಕೇಳಿಕೊಳ್ಳಿ.

ಪ್ರಶ್ನೆ: ಉಳಿದ ಎರಡು ದಿನ ನಗರದಲ್ಲಿ ಏನು ನೋಡಲಿ?

ಉತ್ತರ: ಐವರಲ್ಲಿ ಇಬ್ಬರಿಗೂ ಹೆಚ್ಚು ಜನ ಹೊರದೇಶದಲ್ಲಿ ಹುಟ್ಟಿದ ನಗರವಿದು. ಅದನ್ನು ಕಣ್ಣಾರೆ ಕಾಣಲು ಶನಿವಾರ ಬೆಳಿಗ್ಗೆ ಒಟಾರಾ ಸಂತೆಗೆ ಹೋಗಿ: ಕೆಸುವಿನ ಗೆಡ್ಡೆಯ ರಾಶಿ, ಹೆಣೆದ ಚಾಪೆ, ಸಮೋವಾ-ಟೊಂಗಾದವರ ಮಾತು. ಮೌಂಗಾವ್ಹಾವ್ ಬೆಟ್ಟವನ್ನೂ ಹತ್ತಿ; ತುದಿಗೆ ವಾಹನ ಬಿಡುವುದಿಲ್ಲ. ಅದರ 50 ಮೀಟರ್ ಆಳದ ಕುಳಿ ಮಾವೊರಿಗಳಿಗೆ ಪವಿತ್ರ, ಒಳಗಿಳಿಯಬಾರದು.

ಪ್ರಶ್ನೆ: ಚಟ್ನಿಪುಡಿ, ತುಪ್ಪ ಒಯ್ಯಬಹುದೇ?

ಉತ್ತರ: ಏನೇ ತಿಂಡಿಯಿದ್ದರೂ ಆಗಮನದ ಘೋಷಣೆಯಲ್ಲಿ 'ಹೌದು' ಎನ್ನಿ. ಹೇಳಿದರೆ ಹೆಚ್ಚೆಂದರೆ ವಸ್ತು ಹೋದೀತು. ಮುಚ್ಚಿಟ್ಟರೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ಚೀಲದಲ್ಲಿ ಮರೆತ ಒಂದು ಸೇಬಿಗೂ ಅಷ್ಟೇ.