ಆ ಶೇ 1 ಸಣ್ಣದಲ್ಲ
ಸಲಹೆಗಾರರು ವರ್ಷಕ್ಕೆ ಹೂಡಿಕೆಯ ಶೇ 1ರಷ್ಟು ಶುಲ್ಕ ಕೇಳುತ್ತಿದ್ದಾರೆ, ಕೊಡಲೇ ಅಥವಾ ನಾನೇ ನೋಡಿಕೊಳ್ಳಲೇ ಎಂದು ಕೇಳಿದ್ದೀರಿ. ಶೇ 8ರಂತೆ ಬೆಳೆಯುವ ಹಣ 25 ವರ್ಷಗಳಲ್ಲಿ ಸುಮಾರು 6.8 ಪಟ್ಟಾಗುತ್ತದೆ, ಶುಲ್ಕ ಕಳೆದು ಶೇ 7ರಂತೆ ಬೆಳೆದರೆ 5.4 ಪಟ್ಟು ಮಾತ್ರ. ಐದರಲ್ಲೊಂದು ಪಾಲು ಹೋಯಿತು! ಷೇರು ಸೂಚ್ಯಂಕದಲ್ಲಿರುವ ಕಂಪನಿಗಳ ಷೇರುಗಳನ್ನೇ ಕೊಳ್ಳುವ ಇಂಡೆಕ್ಸ್ ಫಂಡ್‌ನಲ್ಲಿ ತಿಂಗಳು ತಿಂಗಳು ಹಣ ಹಾಕುವುದಕ್ಕೆ ಯಾರ ಹಂಗೂ ಬೇಡ.

ಆದರೆ ನಿಮ್ಮ ಗುಂಡಿಗೆ ಹೇಗೆ? 2020ರ ಮಾರ್ಚ್‌ನಲ್ಲಿ ಪೇಟೆ ಕುಸಿದಾಗ ನಾನು ರಾತ್ರಿಯಿಡೀ ಮೊಬೈಲ್ ಹಿಡಿದು ಕುಳಿತು, ಬೆಳಗಾಗುತ್ತಲೇ ಅರ್ಧದಷ್ಟು ಮಾರಿದೆ. ಏರಿದ ಮೇಲೆ ದುಬಾರಿಗೆ ಮರಳಿ ಕೊಂಡೆ. ಆ ದಡ್ಡತನಕ್ಕೆ ತೆತ್ತ ದಂಡ ಹಲವು ವರ್ಷಗಳ ಶುಲ್ಕವನ್ನು ಮೀರಿಸಿತು.

ತೆರಿಗೆ, ಉಯಿಲಿನಂಥ ಗೋಜಲಿದ್ದರೆ ಗಂಟೆಯ ಲೆಕ್ಕದಲ್ಲಿ ಶುಲ್ಕ ಪಡೆಯುವವರನ್ನು ಒಮ್ಮೆ ಕಾಣಿರಿ. ಅವರು ಸೂಚಿಸುವ ಹೂಡಿಕೆಗಳಿಂದ ಅವರಿಗೆ ಕಮಿಷನ್ ಬರುತ್ತದೆಯೇ ಎಂದು ಮೊದಲೇ ಕೇಳಿ; ತಡವರಿಸಿದರೆ ಎದ್ದು ಬನ್ನಿ.