ಆನ್‌ಲೈನ್‌ನಲ್ಲಿ ಕೊಂಡ ಎಸ್‌ಎಸ್‌ಡಿ ನನ್ನ ಲ್ಯಾಪ್‌ಟಾಪ್‌ಗೆ ಹೊಂದುತ್ತಿಲ್ಲ, ದುಡ್ಡು ವಾಪಸ್ ಕೇಳಬಹುದಾ?

ನಿಮ್ಮ ಕಥೆ ಇಷ್ಟು: ಹಳೇ ಲ್ಯಾಪ್‌ಟಾಪ್‌ಗೆ ಅಂತ ಒಂದು ಎಂ.2 ಎಸ್‌ಎಸ್‌ಡಿ, ಅಂದರೆ ಫೈಲುಗಳನ್ನು ಇಡುವ ಪಟ್ಟಿಯಾಕಾರದ ಸಣ್ಣ ಡ್ರೈವ್, ತರಿಸಿದಿರಿ. ಸ್ಲಾಟ್‌ನಲ್ಲಿ ಸರಿಯಾಗಿ ಕೂತಿದೆ, ಆದರೆ ಲ್ಯಾಪ್‌ಟಾಪ್ ಅದನ್ನು ಗುರುತಿಸುತ್ತಿಲ್ಲ. ಸೆಲ್ಲರ್ ಮಾತ್ರ 'ವಸ್ತು ಚೆನ್ನಾಗೇ ಇದೆ, ಬೇಕಾದ್ರೆ ಅದೇ ಮಾಡೆಲ್ ಇನ್ನೊಂದು ಕಳಿಸ್ತೀವಿ, ರೀಫಂಡ್ ಇಲ್ಲ' ಅನ್ನುತ್ತಿದ್ದಾರೆ. ಅದೇ ಮಾಡೆಲ್ ಇನ್ನೊಂದು ತಗೊಂಡು ಏನು ಮಾಡೋದು, ಅಲ್ವಾ?

ಬಹುಶಃ ನಿಮ್ಮ ಸ್ಲಾಟ್ ಸಾಟಾ ಮಾತ್ರ ಓದುವಂಥದ್ದು, ಬಂದಿರುವುದು ಎನ್‌ವಿಎಂಇ. ಡ್ರೈವ್ ಲ್ಯಾಪ್‌ಟಾಪ್ ಜೊತೆ ಮಾತಾಡುವ ಎರಡು ಬೇರೆ ಭಾಷೆಗಳಿದ್ದಂತೆ ಇವು. ನೋಡೋಕೆ ಎರಡೂ ಅಣ್ಣತಮ್ಮಂದಿರ ಥರ ಇರುತ್ತವೆ. ಯಾರಿಗಾದರೂ ಆಗುವ ಎಡವಟ್ಟು ಇದು.

ನಿಮ್ಮ ದುಡ್ಡಿನ ಪ್ರಶ್ನೆ ನಿಂತಿರುವುದು ಒಂದೇ ವಿಷಯದ ಮೇಲೆ. 'ಇದು ನಿಮ್ಮ ಲ್ಯಾಪ್‌ಟಾಪ್‌ಗೆ ಹೊಂದುತ್ತದೆ' ಅಂತ ಅವರು ಹೇಳಿದ್ರಾ, ಇಲ್ಲಾ ನೀವೇ ಅಂದುಕೊಂಡ್ರಾ?

ಇದನ್ನು ನಾನು ಕಲಿತದ್ದು ಒಂದು ರ‍್ಯಾಮ್‌ನಿಂದ. ಮಗಳ ಆನ್‌ಲೈನ್ ಪಾಠಕ್ಕೆ ಅಂತ ಅಟ್ಟದ ಮೇಲಿದ್ದ ಲ್ಯಾಪ್‌ಟಾಪ್ ಇಳಿಸಿ, ಅದಕ್ಕೆ 8 ಜಿಬಿ ರ‍್ಯಾಮ್ ಹುಡುಕುತ್ತಿದ್ದೆ. ಆರ್ಡರ್ ಮಾಡುವ ಮುಂಚೆ ಪೇಜ್ ಕೆಳಗಿನ ಪ್ರಶ್ನೋತ್ತರದಲ್ಲಿ ನನ್ನ ಲ್ಯಾಪ್‌ಟಾಪ್ ಮಾಡೆಲ್ ಬರೆದು 'ಇದಕ್ಕೆ ಆಗುತ್ತಾ?' ಅಂತ ಕೇಳಿದೆ. 'ಯೆಸ್ ಸರ್, ಆಗುತ್ತೆ' ಅಂತ ಸೆಲ್ಲರ್ ಉತ್ತರ ಹಾಕಿದ. ರ‍್ಯಾಮ್ ಬಂತು, ಕ್ಲಿಕ್ ಅಂತ ಕೂತಿತು. ಆನ್ ಮಾಡಿದರೆ ಬರೀ ಬೀಪ್, ಬೀಪ್.

ಎರಡು ಸಂಜೆ ತಲೆ ಕೆಡಿಸಿಕೊಂಡ ಮೇಲೆ ಹಳೇ ರ‍್ಯಾಮ್ ಕಿತ್ತು ಪಕ್ಕ ಪಕ್ಕ ಇಟ್ಟು ನೋಡಿದೆ. ಹಳೆಯದರ ಚೀಟಿಯಲ್ಲಿ ಪಿಸಿ3ಎಲ್-12800 ಅಂತಿತ್ತು. ಹೊಸದರಲ್ಲಿ ಪಿಸಿ3-12800. ಒಂದೇ ಒಂದು 'ಎಲ್' ಇಲ್ಲ. ಆ ಅಕ್ಷರ ಇದ್ದರೆ 1.35 ವೋಲ್ಟ್‌ನಲ್ಲಿ ಓಡುತ್ತದೆ, ಇಲ್ಲದಿದ್ದರೆ 1.5 ವೋಲ್ಟ್ ಬೇಕು. ಪಿನ್ನುಗಳು ಎರಡರಲ್ಲೂ 204, ನಡುವಿನ ಕಚ್ಚು ಕೂಡ ಒಂದೇ ಜಾಗದಲ್ಲಿ. ಅದಕ್ಕೇ ಚೆನ್ನಾಗಿ ಕೂತುಬಿಟ್ಟಿತ್ತು.

ಆಮೇಲೆ ಮಾಡಿದ ತಪ್ಪು ನನ್ನದೇ. ರಿಟರ್ನ್ ಒತ್ತಿದಾಗ ಕಾರಣಗಳ ಪಟ್ಟಿ ಬಂತು. ಯೋಚಿಸದೆ 'ವಸ್ತು ಕೆಟ್ಟಿದೆ' ಅಂತ ಆರಿಸಿದೆ. ಮೂರನೇ ದಿನ ಒಬ್ಬ ಹುಡುಗ ಬಂದ. ಬ್ಯಾಗಿನಿಂದ ತನ್ನ ಲ್ಯಾಪ್‌ಟಾಪ್ ತೆಗೆದು, ಹಿಂಬದಿ ಬಿಚ್ಚಿ, ನನ್ನ ರ‍್ಯಾಮ್ ಹಾಕಿದ. ಜುಮ್ಮಂತ ಆನ್ ಆಯ್ತು. 'ಸರ್, ಪೀಸ್ ಓಕೆ ಇದೆಯಲ್ಲಾ' ಅಂದ. ಅವನ ಮಾತು ಸುಳ್ಳಲ್ಲ. ರ‍್ಯಾಮ್ ಕೆಟ್ಟಿರಲೇ ಇಲ್ಲ! ಅವನು ಮೆಟ್ಟಿಲು ಇಳಿಯುವಷ್ಟರಲ್ಲಿ 'ನಿಮ್ಮ ರಿಟರ್ನ್ ರದ್ದಾಗಿದೆ' ಅಂತ ಮೆಸೇಜ್ ಬಂತು.

ಹಾಗಾಗಿ ದಯವಿಟ್ಟು 'ಕೆಟ್ಟಿದೆ' ಅಂತ ಆರಿಸಬೇಡಿ. 'ವಿವರಣೆಯಲ್ಲಿ ಇದ್ದಂತೆ ಇಲ್ಲ' ಅನ್ನೋದನ್ನು ಆರಿಸಿ. ಕೇಳೋಕೆ ಸಣ್ಣ ವ್ಯತ್ಯಾಸ, ಆದರೆ ಕಾನೂನು ನಿಮ್ಮ ಕಡೆ ಇರುವುದು ಅಲ್ಲಿ. 2020ರ ಜುಲೈನಲ್ಲಿ ಬಂದ ಇ-ಕಾಮರ್ಸ್ ನಿಯಮಗಳ 6ನೇ ನಿಯಮ ಸೆಲ್ಲರ್‌ಗೆ ಸಂಬಂಧಪಟ್ಟದ್ದು. ವಸ್ತು ದೋಷದ್ದು ಅಥವಾ ನಕಲಿ ಆಗಿದ್ದರಷ್ಟೇ ಅಲ್ಲ, ಜಾಹೀರಾತಿನಲ್ಲಿ ಹೇಳಿದ ಅಥವಾ ಒಪ್ಪಿಕೊಂಡ ಗುಣಲಕ್ಷಣ ಅದರಲ್ಲಿ ಇಲ್ಲದಿದ್ದರೂ ವಾಪಸ್ ತಗೊಳ್ಳೋದಿಲ್ಲ, ಹಣ ಕೊಡೋದಿಲ್ಲ ಅನ್ನುವ ಹಾಗಿಲ್ಲ. ಹೇಳಿದ ದಿನಕ್ಕಿಂತ ತಡವಾಗಿ ಬಂದರೂ, ಕೈಮೀರಿದ ಕಾರಣ ಇಲ್ಲದಿದ್ದರೆ, ಇದೇ ನಿಯಮ. 'ನೋ ರೀಫಂಡ್' ಅಂತ ಪೇಜಿನಲ್ಲಿ ಎಷ್ಟು ದಪ್ಪಕ್ಷರದಲ್ಲಿ ಬರೆದರೂ ಈ ನಿಯಮ ಅಳಿಸಿ ಹೋಗೋದಿಲ್ಲ.

'ಒಪ್ಪಿಕೊಂಡ' ಅನ್ನೋ ಪದ ನೋಡಿ. ನನಗೆ ಸಿಕ್ಕ 'ಯೆಸ್ ಸರ್' ಅದೇ. ಇದಕ್ಕಿಂತ ಹಳೇ ಕಾನೂನೂ ಒಂದಿದೆ, 1930ರ ಸರಕು ಮಾರಾಟ ಕಾಯ್ದೆ. ನಮಗೆ ಯಾವ ಕೆಲಸಕ್ಕೆ ಬೇಕು ಅಂತ ಹೇಳಿ, ಮಾರುವವನ ತಿಳುವಳಿಕೆ ನಂಬಿ ಕೊಂಡರೆ, ಸಾಮಾನ್ಯವಾಗಿ ವಸ್ತು ಆ ಕೆಲಸಕ್ಕೆ ತಕ್ಕದ್ದಾಗಿರಬೇಕು ಅಂತ ಅದರ 16ನೇ ಕಲಂ ಹೇಳುತ್ತದೆ. ರ‍್ಯಾಮ್ ಹುಟ್ಟುವ ಎಷ್ಟೋ ವರ್ಷ ಮುಂಚೆ ಬರೆದದ್ದು, ಆದರೂ ನನ್ನ ಕಥೆಗೇ ಬರೆದ ಹಾಗಿದೆ.

ಹಾಗಾದರೆ ಅವರು ಏನೂ ಹೇಳಿರಲಿಲ್ಲ, ಪೇಜಿನಲ್ಲಿ 'ಎನ್‌ವಿಎಂಇ' ಅಂತ ಸ್ಪಷ್ಟವಾಗಿ ಇತ್ತು, ನೀವೇ ನೋಡಲಿಲ್ಲ ಅಂದರೆ? ಆಗ ಕಷ್ಟ. ಸುಮ್ನೆ ಭರವಸೆ ಕೊಡೋದಿಲ್ಲ. ಜರ್ಮನಿಯಲ್ಲಿರುವ ನನ್ನ ಭಾವಮೈದ 'ಕಾರಣನೇ ಹೇಳ್ಬೇಡಿ ಭಾವ, ವಾಪಸ್ ಕಳಿಸಿ' ಅಂತ ಫೋನಿನಲ್ಲಿ ಹೇಳಿದ್ದ. ಅಲ್ಲಿ ಆನ್‌ಲೈನ್‌ನಲ್ಲಿ ಕೊಂಡ ಹೆಚ್ಚಿನ ವಸ್ತುಗಳಿಗೆ 14 ದಿನ ಹಾಗೆ ಮಾಡಬಹುದು, ಅದು ಇಡೀ ಯುರೋಪಿಯನ್ ಒಕ್ಕೂಟದ ಕಾನೂನು. ನಮ್ಮಲ್ಲಿ ಮನಸ್ಸು ಬದಲಾಯಿತು ಅಂತ ವಾಪಸ್ ಕೊಡುವ ಅಂಥ ಹಕ್ಕು ಇಲ್ಲ. ಇಲ್ಲಿ ಕಾಣುವ '7 ದಿನ', '10 ದಿನ' ಎಲ್ಲಾ ಆಯಾ ಸೈಟ್‌ನ ಪಾಲಿಸಿ. ಪಾಲಿಸಿ ಬಿಟ್ಟರೆ ನಿಮಗೆ ಉಳಿಯೋದು ಒಳ್ಳೇ ಮಾತಿನಲ್ಲಿ ಕೇಳೋದು, ಇಲ್ಲವೇ ಎಸ್‌ಎಸ್‌ಡಿಯನ್ನು ಬೇರೆಯವರಿಗೆ ಮಾರೋದು. ಕಂಪನಿ ವಾರಂಟಿಯನ್ನೂ ನಂಬಬೇಡಿ, ಅದು ಕೆಟ್ಟರೆ ಮಾತ್ರ.

ಆದರೆ ಸೋಲೊಪ್ಪುವ ಮುಂಚೆ ಇವತ್ತೇ ಆ ಪೇಜ್ ತೆರೆದು ಮೇಲಿಂದ ಕೆಳಗಿನ ತನಕ ಓದಿ. 'ಎಲ್ಲಾ ಎಂ.2 ಸ್ಲಾಟ್‌ಗೂ ಹೊಂದುತ್ತದೆ' ಅನ್ನೋ ಸಾಲು, ಫೋಟೋ ಮೇಲಿನ ಬರಹ, ಪ್ರಶ್ನೋತ್ತರದಲ್ಲಿ ಬೇರೆಯವರಿಗೆ ಕೊಟ್ಟ ಉತ್ತರ, ಏನೇ ಸಿಕ್ಕರೂ ತಾರೀಖು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ. ನಾನು ದೂರು ಕೊಟ್ಟ ವಾರದಲ್ಲೇ ಆ 'ಯೆಸ್ ಸರ್' ಮಾಯವಾಗಿತ್ತು. ಪುಣ್ಯಕ್ಕೆ ಮೊದಲೇ ತೆಗೆದಿಟ್ಟಿದ್ದೆ.

ರೀಪ್ಲೇಸ್‌ಮೆಂಟ್ ಒಪ್ಪಬೇಡಿ. ಒಪ್ಪಿದರೆ ಸಮಸ್ಯೆ ಬಗೆಹರಿಯಿತು ಅಂತ ಅವರ ಕಡತ ಮುಚ್ಚುತ್ತದೆ, ನಿಮ್ಮ ಕೈಯಲ್ಲಿ ಅದೇ ಎಸ್‌ಎಸ್‌ಡಿ. 'ಸೀಲ್ ಒಡೆದಿದ್ದೀರಿ' ಅಂದರೆ, ಒಡೆಯದೆ ಹಾಕಿ ನೋಡೋದು ಹೇಗೆ ಅಂತ ಕೇಳಿ. ಡಬ್ಬ, ಬಿಲ್ ಎಲ್ಲಾ ಇರಲಿ. ಸೀರಿಯಲ್ ನಂಬರ್ ಫೋಟೋ ತೆಗೆದಿಡಿ. ತಡ ಮಾತ್ರ ಮಾಡಬೇಡಿ. ತುಂಬಾ ದಿನ ಸುಮ್ಮನಿದ್ದರೆ ವಸ್ತುವನ್ನು ಒಪ್ಪಿಕೊಂಡಿದ್ದೀರಿ ಅಂತಲೇ ಲೆಕ್ಕ.

ಚಾಟ್‌ನಲ್ಲಿ ಜಗಳ ಆಡುತ್ತಾ ಕೂರೋದು ದಂಡ. ಪ್ರತಿ ಸಲ ಹೊಸಬರು ಬಂದು 'ತೊಂದರೆಗೆ ಕ್ಷಮಿಸಿ' ಅನ್ನುತ್ತಾರೆ, ನೀವು ಮತ್ತೆ ಮೊದಲಿಂದ ಶುರು ಮಾಡಬೇಕು. ಟಿಕೆಟ್ ನಂಬರ್ ತಗೊಂಡು ಹೊರಗೆ ಬನ್ನಿ. ಸೈಟ್‌ನ ಕೆಳಗೆಲ್ಲೋ ಸಣ್ಣಕ್ಷರದಲ್ಲಿ ಗ್ರೀವನ್ಸ್ ಆಫೀಸರ್ (ದೂರು ನೋಡಿಕೊಳ್ಳುವ ಅಧಿಕಾರಿ) ಹೆಸರು, ಇಮೇಲ್ ಇರುತ್ತದೆ, ಇರಲೇಬೇಕು. 48 ಗಂಟೆಯೊಳಗೆ ನಿಮ್ಮ ದೂರು ಬಂದಿದೆ ಅಂತ ಅವರು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ನಾನು ಬರೆದದ್ದು ಐದೇ ಸಾಲು: ಯಾವತ್ತು ಕೇಳಿದೆ, ಏನು ಉತ್ತರ ಬಂತು, ಏನು ಬಂತು, ಯಾವ ನಿಯಮ, ಎಷ್ಟು ಹಣ. ಜೊತೆಗೆ ಎರಡು ಚೀಟಿಗಳ ಫೋಟೋ. ಸಿಟ್ಟಿನ ಮಾತು ಒಂದೂ ಇಲ್ಲ.

ಒಂದು ವಾರ ನೋಡಿ 1915ಕ್ಕೆ ಫೋನ್ ಮಾಡಿದೆ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಅವರು ಕೋರ್ಟ್ ಅಲ್ಲ, ಆದೇಶ ಮಾಡೋದಿಲ್ಲ. ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತಾರೆ. ಹಲವು ಸಲ ಅಷ್ಟೇ ಸಾಕಾಗುತ್ತದೆ. ನನಗೆ ಅದಾದ ನಾಲ್ಕನೇ ದಿನ ರೀಫಂಡ್ ಬಂತು.

ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಸೆಲ್ಲರ್ ದೆಹಲಿಯವನಾದರೂ ನೀವು ಇರುವ ಊರಿನಲ್ಲೇ ಕೇಸ್ ಹಾಕಬಹುದು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೊಟ್ಟ ಅನುಕೂಲ ಇದು. 5 ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ, ಲಾಯರ್ ಬೇಕೇ ಬೇಕು ಅಂತಿಲ್ಲ, ಎರಡು ವರ್ಷದೊಳಗೆ ಹಾಕಬೇಕು. ಮೂರು ಸಾವಿರದ ಎಸ್‌ಎಸ್‌ಡಿಗೆ ಅಷ್ಟು ಓಡಾಟ ಬೇಕಾ ಅನ್ನೋದು ನಿಮ್ಮ ಪುರುಸೊತ್ತಿಗೆ ಬಿಟ್ಟದ್ದು. ನಾನಾಗಿದ್ದರೆ 1915ರವರೆಗೆ ಖಂಡಿತ ಹೋಗುತ್ತಿದ್ದೆ, ಅದರಾಚೆ ಎರಡು ಸಲ ಯೋಚಿಸುತ್ತಿದ್ದೆ.

ದುಡ್ಡು ಬಂದ ಮೇಲೆ ಹಳೇ ರ‍್ಯಾಮ್ ಜೇಬಿಗೆ ಹಾಕಿಕೊಂಡು ಬೆಂಗಳೂರಿನಲ್ಲಿ ಕಂಪ್ಯೂಟರ್ ಬಿಡಿಭಾಗ ಸಿಗುವ ಎಸ್.ಪಿ. ರೋಡಿಗೆ ಹೋದೆ. ಅಂಗಡಿಯವರು ಕನ್ನಡಕ ಹಣೆಗೆ ಏರಿಸಿ, ಚೀಟಿಯನ್ನು ಕಣ್ಣ ಹತ್ತಿರ ಹಿಡಿದು 'ಎಲ್ ಇರೋದು ಬೇಕಲ್ವಾ ಸಾರ್?' ಅಂದರು. ನೂರೈವತ್ತು ರೂಪಾಯಿ ಜಾಸ್ತಿ ಆಯ್ತು. ನಾನು ಚೌಕಾಸಿ ಮಾಡಲಿಲ್ಲ.