ಓದುಗರ ಪ್ರಶ್ನೆ: ಚಾಪೆ ಹಾರಿತೋ, ಹಾರಿದಂಗಾತೋ?

ಪ್ರಶ್ನೆ: ಹುಬ್ಬಳ್ಳಿ–ಗದಗ ಪ್ಯಾಸೆಂಜರಿನಲ್ಲಿ ದಿನಾ ಒಂದು ತಾಸು ಸಿಗುತ್ತದೆ. ಒಂದೂವರೆ ವರ್ಷ ಸ್ಪ್ಯಾನಿಷ್ ಕಲಿತ ಧೈರ್ಯದ ಮೇಲೆ ಕೊಲಂಬಿಯಾದ ಗಾರ್ಸಿಯಾ ಮಾರ್ಕೆಸ್ ಅವರ 1967ರ ಕಾದಂಬರಿ ‘ಸಿಯೆನ್ ಆನ್ಯೊಸ್ ದೆ ಸೊಲೆದಾದ್’ (ನೂರು ವರ್ಷಗಳ ಏಕಾಂತ) ಹಿಡಿದಿದ್ದೇನೆ. ಜಿಪ್ಸಿಗಳ ಚಾಪೆ ಕಿಟಕಿಯ ಮುಂದೆ ಹಾರಿಹೋಗುತ್ತದೆ. ಇದು ಉಪಮೆಯೋ, ನಾನೇ ತಪ್ಪು ಓದಿದೆನೋ?
– ಓದುಗರು, ಗದಗ

ಉತ್ತರ: ತಪ್ಪು ಓದಿಲ್ಲ, ಹಾರಿದ್ದು ಹೌದು. ಇಂಗ್ಲಿಷ್ ಅನುವಾದದಲ್ಲಿ ಅದು ಕಾರ್ಪೆಟ್ ಆಗಿದೆ. ಮೂಲದ ‘ಎಸ್ತೆರಾ’ ಎಂದರೆ ನೆಲಕ್ಕೆ ಹಾಸುವ ಹೆಣೆದ ಚಾಪೆಯೇ.

ಅನುಮಾನ ಬಂದಾಗ ಕ್ರಿಯಾಪದದ ಬಾಲ ನೋಡಿ. ‘ಕೋಮೊ ಸಿ’ (ಎಂಬಂತೆ) ಬಂದು ಕ್ರಿಯಾಪದ ‘ರಾ’ ಅಥವಾ ‘ಸೆ’ ಎಂದು ಮುಗಿದರೆ ಹೋಲಿಕೆ: ‘ಕೋಮೊ ಸಿ ಬೊಲಾರಾ’, ಹಾರಿದಂಗ. ಬರೀ ‘ಬೊಲೊ’ ಇದ್ದರೆ ಹಾರಿತು, ಮಾತು ಮುಗಿಯಿತು. ಒಂದು ಎಚ್ಚರ: ಅದೇ ‘ಬೊಲಾರಾ’ದ ಕೊನೆಯ ಅಕ್ಷರದ ಮೇಲೆ ಒತ್ತುಗೆರೆ ಇದ್ದರೆ ‘ಮುಂದೆ ಹಾರುತ್ತದೆ’ ಎಂಬ ಭವಿಷ್ಯತ್ತು. ರೈಲಿನ ಕುಲುಕಾಟದಲ್ಲಿ ಆ ಗೆರೆ ಕಣ್ತಪ್ಪುವುದು ಸುಲಭ.

ಕನ್ನಡದವರು ಜಾರುವುದು ಬೇರೆ ಕಡೆ. ಇಂಥದ್ದು ಬಂದ ಕೂಡಲೇ ನಮ್ಮ ನಾಲಿಗೆ ‘ಹಾರಿತಂತೆ’ ಅನ್ನುತ್ತದೆ. ಆ ‘ಅಂತೆ’ ಮೂಲದಲ್ಲಿಲ್ಲ. ಸೇರಿಸಿದಿರೋ, ಅಜ್ಜಿಕಥೆಯಾಯಿತು. ಚಾಪೆ ಹಾರಿದ್ದನ್ನೂ ಅಡಿಗೆಮನೆ ಕೆಲಸವನ್ನೂ ಇಲ್ಲಿ ಒಂದೇ ದನಿಯಲ್ಲಿ ಹೇಳಲಾಗಿದೆ.

ಪುಟಕ್ಕೆ 5–6 ಪದ ಮಾತ್ರ ನಿಘಂಟಿನಲ್ಲಿ ನೋಡಿ, ಅದೂ ಮೊದಲು ಕ್ರಿಯಾಪದ. ಗಿಡ, ಹಕ್ಕಿ, ಹತ್ಯಾರಗಳ ಹೆಸರು ಕಾಯಲಿ.

ಪ್ರಶ್ನೆ: ‘ಸುಪೊ’, ‘ಕುಪೊ’, ‘ಇಸೊ’ ನಿಘಂಟಿನಲ್ಲೇ ಇಲ್ಲ. ಅರ್ಥವಾದ ವಾಕ್ಯದಲ್ಲೂ ಕೆಲಸ ಮಾಡಿದ್ದು ಯಾರೆಂದು ತಿಳಿಯುವುದಿಲ್ಲ.
– ಓದುಗರು, ಹಾವೇರಿ

ಉತ್ತರ: ಕನ್ನಡ ನಿಘಂಟಿನಲ್ಲಿ ‘ಬಂದ’ ಬೇಕಿದ್ದರೆ ‘ಬರು’ ನೋಡುತ್ತೇವಲ್ಲ, ಹಾಗೇ ಸುಪೊಗೆ ಸಬೆರ್ (ತಿಳಿ), ಕುಪೊಗೆ ಕಬೆರ್ (ಹಿಡಿಸು), ಇಸೊಗೆ ಅಸೆರ್ (ಮಾಡು). ನಿಯಮಕ್ಕೆ ಬಗ್ಗದ ಇಂಥ ಮೊಂಡ ಭೂತಕಾಲಗಳಲ್ಲಿ ಮುಖ್ಯವಾದವು ಇಪ್ಪತ್ತರೊಳಗೇ ಇವೆ. ಒಂದು ಹಾಳೆಯಲ್ಲಿ ಬರೆದು ಪುಸ್ತಕದಲ್ಲಿಟ್ಟುಕೊಳ್ಳಿ.

ಕರ್ತೃವನ್ನು ಬಿಟ್ಟು ಮಾತಾಡುವುದು ನಮಗೆ ಹೊಸದಲ್ಲ. ಆದರೆ ನಮ್ಮ ‘ಬಂದ, ಬಂದಳು, ಬಂತು’ ಮೂರಕ್ಕೂ ಅಲ್ಲಿ ‘ಬಿನೊ’ ಒಂದೇ. ‘ಸು’ ಕೂಡ ಅವನ, ಅವಳ, ಅವರ ಎಲ್ಲಾ ಆಗುತ್ತದೆ. ಹಿಂದಕ್ಕೆ ಹೋಗಿ ಕೊನೆಯ ಹೆಸರು ಹಿಡಿದು, ಅಂಚಿನಲ್ಲಿ ಪೆನ್ಸಿಲಿನಿಂದ ‘ನು’ ಅಥವಾ ‘ಳು’ ಬರೆಯಿರಿ.

ನೀವೂ ಅದೇ ಕಾದಂಬರಿ ಓದುತ್ತಿದ್ದರೆ, ಅಜ್ಜನ ಹೆಸರು ಮೊಮ್ಮಗನಿಗಿಡುವ ನಮ್ಮ ರೂಢಿ ನೆರವಾದೀತು. ಹಿರಿಯನನ್ನು ಕರೆಯುವುದು ಪೂರ್ತಿಯಾಗಿ: ಹೊಸೆ ಅರ್ಕಾದಿಯೊ ಬುಎಂದಿಯಾ. ಮಗ ಹೊಸೆ ಅರ್ಕಾದಿಯೊ. ಮೊಮ್ಮಗ ಬರೀ ಅರ್ಕಾದಿಯೊ.

ಪ್ರಶ್ನೆ: ಮೆಕ್ಸಿಕೊದ ಹ್ವಾನ್ ರುಲ್ಫೊ ಅವರ ಕಾದಂಬರಿ ‘ಪೆದ್ರೊ ಪಾರಾಮೊ’ ತೆಳ್ಳಗಿದೆ. ಅದರಿಂದಲೇ ಶುರು ಮಾಡಲೇ?
– ಓದುಗರು, ಧಾರವಾಡ

ಉತ್ತರ: ವಾಕ್ಯ ಸಣ್ಣವು, ದಾರಿ ಸಿಕ್ಕು. 1955ರ ಈ ಪುಸ್ತಕದಲ್ಲಿ ಅಧ್ಯಾಯಗಳಿಲ್ಲ, ತುಣುಕುಗಳಿವೆ. ಕಾಲ ಹಿಂದೆಮುಂದೆ ಜಿಗಿಯುತ್ತದೆ, ಮಾತಾಡುವವರು ಸತ್ತವರೆಂಬುದು ತಡವಾಗಿ ಗೊತ್ತಾಗುತ್ತದೆ. ತುಣುಕುಗಳಿಗೆ ಸಂಖ್ಯೆ ಹಾಕಿ, ಪಕ್ಕದಲ್ಲಿ ಯಾರ ಮಾತೆಂದು ಗುರುತು ಮಾಡಿ. ಎರಡನೇ ಸಲ ಓದುವ ಪುರುಸೊತ್ತಿದ್ದರೆ ಕೈಹಾಕಿ.